ಕೋಪಾಕನೋ ಸ್ಟೆಲ್ಲಾಳೋ

ಶವಪೆಟ್ಟಿಗೆಯ ಮೇಲೆ ಬಾಗಿ, ವರ್ಲಿನ್‌ನ ಕೋಟಿಗೆ ಅಂಟಿದ್ದ ದಾರದ ಎಳೆಯೊಂದನ್ನು ಕರ್ಟಿಸ್ ಎರಡು ಬೆರಳಲ್ಲಿ ಬಿಡಿಸುತ್ತಿದ್ದ. ಊರಿನ ಶವಸಂಸ್ಕಾರಗಳನ್ನೆಲ್ಲ ನೋಡಿಕೊಳ್ಳುವವನು ಅವನೇ. ಎಳೆ ಕಿತ್ತು ಬರುವಾಗ ಕೋಟಿನ ಅಂಚು ಒಂದಿಷ್ಟು ಮೇಲೆದ್ದಿತು. ಆಗ ಒಳಜೇಬಿನಲ್ಲಿದ್ದದ್ದು ಡೆಲ್ಮರನ ಕಣ್ಣಿಗೆ ಬಿತ್ತು. ಹಳದಿಗಟ್ಟಿದ ಕಾಗದದ ಮೂಲೆ, ಅದರ ಮೇಲೆ ಅರ್ಧ ಕೆಂಪು ಅಕ್ಷರ. ಕರ್ಟಿಸ್ ಕೋಟನ್ನು ನೇವರಿಸಿ ಸರಿಮಾಡಿ ಹಿಂದೆ ಸರಿದ.

ಬೇರೆ ಯಾರಾದರೂ ಅದನ್ನು ಪ್ರಾರ್ಥನೆಯ ಹಾಳೆ ಅಂದುಕೊಳ್ಳುತ್ತಿದ್ದರು. ಡೆಲ್ಮರನಿಗೆ ಆ ಕೆಂಪು ಗೊತ್ತಿತ್ತು. ‘ತಪ್ಪಿತಸ್ಥರ ಬೀದಿ’ ಕಾಮಿಕ್ಸಿನ ಏಳನೇ ಸಂಚಿಕೆ. ಉದ್ದಕ್ಕೆ ಮಡಚಿ ಜೇಬಿಗೆ ತುರುಕಿದ್ದರು.

ಅವನು ಹಿಂದಿನ ಬೆಂಚಿಗೆ ಹೋಗಿ ಮೆರಿಟ್‌ನ ಪಕ್ಕದಲ್ಲಿ ಕುಳಿತ. ಮೆರಿಟ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು. ಪಿಸುಗುಟ್ಟುವುದು ಅವನಿಗೆ ಬರುತ್ತಿರಲಿಲ್ಲ.

“ಏಳನೇದು ಅವನ ಜೇಬಲ್ಲಿದೆ” ಎಂದ ಡೆಲ್ಮರ್.

“ಯಾರ ಜೇಬಲ್ಲಿ?”

“ವರ್ಲಿನ್ ಜೇಬಲ್ಲಿ ಕಣೋ. ಮಡಚಿ ಇಟ್ಟಿದ್ದಾರೆ.”

“ಮಡಚಿ!” ಮುಂದಿನ ಬೆಂಚಿನ ಇಬ್ಬರು ಹೆಂಗಸರು ತಿರುಗಿ ನೋಡಿದರು. ಮೆರಿಟ್ ದನಿ ಇಳಿಸಿದ. “ಚರ್ಚಲ್ಲಿದೀನಿ ಅಂತ ಬಾಯಿ ಮುಚ್ಕೊಂಡಿದೀನಿ. ಮತ್ತೆ ಸೀಲು?”

“ಒಡೆದಿರ್ಬೇಕು. ಆ ಡಬ್ಬಿ ಸಮೇತ ಯಾವ ಜೇಬಿಗೆ ಹೋಗತ್ತೆ?”

ಮೆರಿಟ್ ಸ್ವಲ್ಪ ಹೊತ್ತು ಮುಂದಿದ್ದ ಹೂಗಳನ್ನೇ ನೋಡಿದ. ಆಮೇಲೆ ಮೊಣಕೈಯಿಂದ ತಿವಿದ. “ಹಂಗಾದ್ರೆ ಈಗ ತೆರೆದಿದೆ. ಕೊನೇ ಕತೆ ಎಂಟೇ ಪುಟ ಕಣೋ. ಹೋಗು, ತೆಗಿ, ನೋಡು, ಇಟ್ಬಿಡು. ಎರಡು ನಿಮಿಷದ ಕೆಲ್ಸ.”

“ಹೆಣದ ಜೇಬಿಗೆ ಕೈ ಹಾಕ್ಲಾ?”

“ನಿನ್ನ ಜೇಬಿನ ಸಿಗರೇಟು ಅವನು ಯಾವತ್ತು ಕೇಳಿ ತಗೊಂಡಿದ್ದ?”

ಡೆಲ್ಮರ್ ನಗಲಿಲ್ಲ. ಬುಧವಾರ ವರ್ಲಿನ್‌ನ ಹೆಂಡತಿ ಅರ್ಡಿಸ್ ಫೋನ್ ಮಾಡಿ, ವರ್ಲಿನ್ ಹಂದಿ ಕೊಟ್ಟಿಗೆಯಲ್ಲಿ ಬಿದ್ದ, ಎದೆ ನಿಂತುಹೋಯಿತು ಎಂದಾಗಲೂ ಅವನಿಗೆ ಏನೂ ಆಗಿರಲಿಲ್ಲ. ಫೋನ್ ಇಟ್ಟು, ರಿಪೇರಿಗೆ ಬಂದಿದ್ದ ಟ್ರ್ಯಾಕ್ಟರಿನ ಕೆಳಗೆ ಮತ್ತೆ ತೂರಿ, ಬಿಟ್ಟಿದ್ದ ಬೋಲ್ಟನ್ನು ಬಿಗಿ ಮಾಡಿದ್ದ. ಹಲ್ಲು ಕೀಳಿಸಿಕೊಂಡು ಬಂದ ದಿನ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆಯೇ ನಾಲ್ಕು ದಿನ ಕಳೆದಿದ್ದ. ಅಳು ಬರಲಿ ಎಂದು ಕಾದಿದ್ದ. ಬರಲಿಲ್ಲ. ಈಗ ಬಂದದ್ದು ಇದು: ಆ ಎಂಟು ಪುಟ ನೋಡಬೇಕೆಂಬ ಆಸೆ. ಗೆಳೆಯನ ಹೆಣದ ಮುಂದೆ ಕೂತು ತನಗಿರುವುದು ಇದೊಂದೇ ಎಂದು ಅವನಿಗೆ ನಾಚಿಕೆಯಾಯಿತು. ಆಸೆ ಮಾತ್ರ ಹೋಗಲಿಲ್ಲ.

*

ಮೂವರೂ ಒಂದೇ ಕಾಲದ ಹುಡುಗರು. ಕೊಲೆಗಡುಕರೂ ಪೊಲೀಸರೂ ತುಂಬಿದ ಕಾಮಿಕ್ಸುಗಳು ಔಷಧಿ ಅಂಗಡಿಯ ಕಂಬಿಯಲ್ಲಿ ತೂಗುತ್ತಿದ್ದ ಕಾಲ. ಮಕ್ಕಳು ಕೆಡುತ್ತಾರೆಂದು ಮೇಷ್ಟರೂ ಪಾದ್ರಿಗಳೂ ಸೇರಿ ಅವನ್ನೆಲ್ಲ ಶಾಲೆಯ ಹಿಂದೆ ರಾಶಿ ಹಾಕಿ ಸುಟ್ಟಿದ್ದರು. ತನ್ನವನ್ನು ವರ್ಲಿನ್ ತಾನೇ ಹೊತ್ತು ತಂದು ಬೆಂಕಿಗೆ ಹಾಕಬೇಕಾಯಿತು. ಸುಡದೆ ಉಳಿದವನ್ನು ದೊಡ್ಡವರಾದ ಮೇಲೆ ಹಳೆಯ ತೋಟದಮನೆಗಳ ಹರಾಜುಗಳಲ್ಲಿ, ಉಪ್ಪಿನಕಾಯಿ ಜಾಡಿಗಳ ಡಬ್ಬಿಗಳ ತಳದಲ್ಲಿ ಹುಡುಕುವಾಗ ಮೂವರಿಗೂ ಪರಿಚಯವಾಯಿತು. ಆಮೇಲೆ ತಿಂಗಳ ಎರಡನೇ ಶನಿವಾರವೆಂದರೆ ಕೆಫೆಯ ಹಿಂದಿನ ಮೇಜು ಅವರದು.

ಆ ಕಾಲದ ಚಿತ್ರಗಾರರು ಹೆಸರು ಹಾಕುತ್ತಿರಲಿಲ್ಲ. ಯಾರು ಬರೆದದ್ದೆಂದು ಕಿವಿ ನೋಡಿ, ಕೋಟಿನ ಮಡಿಕೆ ನೋಡಿ, ದೀಪದ ಕಂಬ ನೋಡಿ ಹೇಳಬೇಕು. ವರ್ಲಿನ್‌ಗೆ ಬರ್ನಿ ಕೋಪಾಕನೆಂದರೆ ದೇವರು. ಕೋಪಾಕನಿಗೆ ಕೈಗಳ ಚಿತ್ರ ಬರೆಯಲು ಬರುತ್ತಿರಲಿಲ್ಲ. ಅದಕ್ಕೇ ಅವನ ಕೊಲೆಗಾರರೆಲ್ಲ ಜೇಬಲ್ಲಿ ಕೈಯಿಟ್ಟುಕೊಂಡೇ ಸಾಯುತ್ತಿದ್ದರು. ಡೆಲ್ಮರನ ಮೆಚ್ಚಿನವಳು ಅದೇ ಕೋಣೆಯಲ್ಲಿ ಕೂತು ಅವನ ಪೆನ್ಸಿಲ್ ಗೆರೆಗಳಿಗೆ ಶಾಯಿ ತುಂಬುತ್ತಿದ್ದ ಸ್ಟೆಲ್ಲಾ ರೋಮ್. ಕೆಲಸ ಹೆಚ್ಚಾದಾಗ ಅವಳೇ ಇಡೀ ಕತೆಯ ಚಿತ್ರ ಬರೆಯುತ್ತಿದ್ದಳು. ಅವಳು ಬರೆದ ಕೈಗಳಲ್ಲಿ ಕಿರುಬೆರಳು ಉಳಿದ ಬೆರಳುಗಳ ಜೊತೆ ಜಗಳವಾಡಿದ ಹಾಗೆ ದೂರ ನಿಂತಿರುತ್ತಿತ್ತು.

ಏಳನೇ ಸಂಚಿಕೆ ಸಿಕ್ಕಿದ್ದು ವರ್ಲಿನ್‌ಗೆ, ಹಳೆಯ ಮನೆಯೊಂದನ್ನು ಕೆಡವುವಾಗ. ಚಳಿ ತಡೆಯಲೆಂದು ಯಾರೋ ಅದನ್ನು ಗೋಡೆಯ ಹಲಗೆಗಳ ನಡುವೆ ಸಿಕ್ಕಿಸಿದ್ದರು. ಅದರ ಕೊನೆಯ ಕತೆ ಕೋಪಾಕನದೋ ಸ್ಟೆಲ್ಲಾಳದೋ ಎಂದು ವರ್ಲಿನ್, ಡೆಲ್ಮರ್ ಇಬ್ಬರೂ ಪುಸ್ತಕ ಕಾಣುವುದಕ್ಕೆ ಮೊದಲೇ ಕಿತ್ತಾಡುತ್ತಿದ್ದರು. ಅವರಿಗೆ ಗೊತ್ತಿದ್ದ ಯಾರ ಬಳಿಯೂ ಬೇರೆ ಪ್ರತಿ ಇರಲಿಲ್ಲ. ಆ ಶನಿವಾರ ಡೆಲ್ಮರ್ ಭೂತಗನ್ನಡಿ ಒರೆಸಿಕೊಂಡು ಕಾದಿದ್ದರೆ ವರ್ಲಿನ್ ಬರಿಗೈಯಲ್ಲಿ ಬಂದ.

“ಸೀಲು ಮಾಡ್ಸೋಕೆ ಕಳಿಸ್ದೆ” ಎಂದ.

ಪುಸ್ತಕದ ಅಂಚು, ಹೊಳಪು, ಕಲೆ ಎಲ್ಲ ನೋಡಿ ಅಂಕಿ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಚ್ಚಿ ಕಳಿಸುವವರಿದ್ದಾರೆ. ಒಮ್ಮೆ ಮುಚ್ಚಿದರೆ ಮುಗಿಯಿತು. ಒಡೆದರೆ ಆ ಅಂಕಿ ಸತ್ತಂತೆ. ಹೊದಿಕೆ ನೋಡಬಹುದೇ ಹೊರತು ಒಳಗಿನ ಒಂದು ಪುಟವನ್ನೂ ಓದುವಂತಿಲ್ಲ.

“ನಮಗೆ ತೋರಿಸ್ದೇನಾ?” ಡೆಲ್ಮರ್ ಭೂತಗನ್ನಡಿಯನ್ನು ಮೇಜಿಗೆ ಕುಕ್ಕಿದ.

“ನಿನ್ನ ಗ್ರೀಸ್ ಕೈಗೆ ಕೊಡ್ಬೇಕಿತ್ತಾ? ನಾನು ನೋಡಿದೀನಲ್ಲ. ಕೋಪಾಕ್.”

“ನೀನು ನೋಡಿದ್ರೆ ಆಗೋಯ್ತಾ? ಹಂದಿ ಕಾಯೋನೇ!”

“ಹಂದಿಗೂ ಗೊತ್ತಾಗತ್ತೆ ಅದು ಕೋಪಾಕ್ ಅಂತ.”

ಎರಡು ತಿಂಗಳ ಮೇಲೆ ಡಬ್ಬಿ ಬಂತು. ಅಂದಿನಿಂದ ಪ್ರತಿ ಎರಡನೇ ಶನಿವಾರ ವರ್ಲಿನ್ ಅದನ್ನು ತಂದು ಮೇಜಿನ ಮೇಲೆ ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದ. ಡೆಲ್ಮರ್ ಬೈಯುತ್ತಿದ್ದ. ಮೆರಿಟ್ ಒಮ್ಮೆ ಇವನ ಕಡೆ, ಒಮ್ಮೆ ಅವನ ಕಡೆ ಸೇರಿ ಇಬ್ಬರ ದುಡ್ಡಿನಲ್ಲೂ ಕಾಫಿ ಕುಡಿಯುತ್ತಿದ್ದ. ಜಗಳ ಹೀಗೆ ಇಪ್ಪತ್ತು ವರ್ಷ ನಡೆಯಿತು. ಹಿಮ ಮೊಣಕಾಲುದ್ದ ಬಿದ್ದ ಶನಿವಾರವೂ ಡೆಲ್ಮರ್ ತಪ್ಪಿಸಲಿಲ್ಲ.

*

ಪ್ರಾರ್ಥನೆಗೆ ಮೊದಲು ಮನೆಯವರೂ ಪೆಟ್ಟಿಗೆ ಹೊರುವವರೂ ಮಾತ್ರ ಉಳಿದರು. ಡೆಲ್ಮರ್, ಮೆರಿಟ್ ಇಬ್ಬರೂ ಹೊರುವವರು. ಮುಚ್ಚಳಕ್ಕೆ ಕೈಯಿಡುವ ಮೊದಲು ಕರ್ಟಿಸ್ ಅರ್ಡಿಸ್ ಕಡೆ ಬಾಗಿ, ಎಲ್ಲ ಸಾವಿನಲ್ಲೂ ಕೇಳುವುದನ್ನು ಕೇಳಿದ.

“ಏನಾದ್ರೂ ತೆಗೆದಿಟ್ಕೋತೀರಾ? ಉಂಗುರ, ಕನ್ನಡಕ?”

“ಉಂಗುರ ಕೊಡಿ” ಎಂದಳು ಅರ್ಡಿಸ್. “ಕನ್ನಡಕ ಇರ್ಲಿ.”

ಕರ್ಟಿಸ್ ಉಂಗುರ ಬಿಚ್ಚಿ ಅವಳ ಅಂಗೈಗೆ ಹಾಕಿದ. ಅವಳು ಅದನ್ನು ನೋಡಲಿಲ್ಲ. ಅಂಗಡಿಯವನು ಚಿಲ್ಲರೆ ಕೊಟ್ಟ ಹಾಗೆ ಮುಷ್ಟಿಯಲ್ಲಿ ಹಿಡಿದು ನಿಂತಳು.

“ಇನ್ನೇನಾದ್ರೂ?”

ಮೆರಿಟ್ ಕೆಮ್ಮಿದ. ಇನ್ನೊಮ್ಮೆ, ಇನ್ನೂ ಜೋರಾಗಿ ಕೆಮ್ಮಿದ. ಡೆಲ್ಮರನಿಗೆ ಬಾಯಿ ತೆರೆದರೆ ಸಾಕಿತ್ತು. ಅರ್ಡಿಸ್, ಆ ಪುಸ್ತಕ, ಎಂದರೆ ಸಾಕಿತ್ತು. ಆದರೆ ಹಾಗೆಂದರೆ ಅವಳಿಗೆ ತಾನು ಏನೋ ಹಾಳುಮಾಡಿದೆನೆಂದು ಗೊತ್ತಾಗುತ್ತಿತ್ತು. ಹೇಳದಿದ್ದರೆ ಆ ಎಂಟು ಪುಟ ಮಣ್ಣಿಗೆ ಹೋಗುತ್ತಿತ್ತು. ಅವನು ವರ್ಲಿನ್‌ನ ಮುಖ ನೋಡಿದ. ಕರ್ಟಿಸ್ ಬಳಿದ ಬಣ್ಣದಲ್ಲಿ ಗಲ್ಲ ಎಂದೂ ಇಲ್ಲದಷ್ಟು ನುಣ್ಣಗಿತ್ತು.

“ಇಲ್ಲ, ಮುಚ್ಚಿ” ಎಂದಳು ಅರ್ಡಿಸ್.

ಮುಚ್ಚಳ ಸದ್ದಿಲ್ಲದೆ ಕೂತಿತು.

ಪಾದ್ರಿ ಊರಿಗೆ ಹೊಸಬ. ವರ್ಲಿನ್ ಒಳ್ಳೆಯ ನೆರೆಯವನೆಂದೂ ಹಂದಿಗಳನ್ನು ಚೆನ್ನಾಗಿ ನೋಡಿಕೊಂಡನೆಂದೂ ಹೇಳಿದ. ‘ಹಳೆಯ ಪುಸ್ತಕಗಳ ಪ್ರೇಮಿ’ ಎಂದೂ ಒಂದು ಮಾತು ಸೇರಿಸಿದ. ಸ್ಮಶಾನದಲ್ಲಿ ಮಾರ್ಚ್ ತಿಂಗಳ ಕೆಸರು ಬೂಟುಗಳನ್ನು ಹಿಡಿದೆಳೆಯುತ್ತಿತ್ತು. ಪೆಟ್ಟಿಗೆಯ ಹಿಡಿಕೆ ಹಿಡಿದು ಡೆಲ್ಮರ್ ನಡೆದ. ವರ್ಲಿನ್‌ನ ಎಡ ಎದೆ, ಆ ಜೇಬು, ತನ್ನ ಮುಷ್ಟಿಗೆ ಒಂದು ಗೇಣಿನಷ್ಟೂ ದೂರವಿಲ್ಲವೆಂದು ಲೆಕ್ಕ ಹಾಕುತ್ತಿದ್ದೇನೆಂದು ಅರ್ಧ ದಾರಿಯಲ್ಲಿ ಅವನಿಗೆ ಅರಿವಾಯಿತು.

*

ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಹಂದಿಮಾಂಸದ ಬನ್ನು, ಆಲೂಗಡ್ಡೆ, ಕ್ಯಾರೆಟ್ ತುರಿ ಹಾಕಿದ ಹಸಿರು ಜೆಲ್ಲಿ, ತೆಳ್ಳನೆಯ ಕಾಫಿ. ಗೆಳೆಯರಿಬ್ಬರೂ ಮೂಲೆಯ ಮೇಜಿನಲ್ಲಿ ಕುಳಿತಿದ್ದರು. ಎಲ್ಲರ ಕೈ ಕುಲುಕಿ ಮುಗಿಸಿದ ಅರ್ಡಿಸ್ ತಟ್ಟೆ ಹಿಡಿದುಕೊಂಡು ಬಂದು ಅವರೆದುರು ಕುಳಿತಳು.

“ಬನ್ನು ತಿನ್ನಿ. ಇಲ್ದಿದ್ರೆ ವಾರವೆಲ್ಲ ನಾನೊಬ್ಳೇ ತಿನ್ನಬೇಕು.”

ಇಬ್ಬರೂ ಒಂದೊಂದು ಬನ್ನು ತೆಗೆದುಕೊಂಡರು.

“ಜೇಬು ನೋಡಿದ್ರಿ ತಾನೇ?” ಎಂದಳು ಅವಳು.

ಮೆರಿಟ್ ಜೆಲ್ಲಿಯೊಳಗಿನ ಕ್ಯಾರೆಟ್ಟನ್ನು ಹುಡುಕತೊಡಗಿದ.

“ಬೆಳಿಗ್ಗೆ ತಗಡು ಕತ್ತರಿಸೋ ಕತ್ತರಿ ತಂದು ಬಿಚ್ಚಿದೆ. ಅಬ್ಬಾ, ಏನು ಗಟ್ಟಿ ಆ ಪ್ಲಾಸ್ಟಿಕ್ಕು! ಇಷ್ಟು ವರ್ಷ ಮನೇಲಿತ್ತು. ಸೀಲಾದ ಮೇಲೆ ಒಂದು ಸಲಾನೂ ಓದ್ಲಿಲ್ಲ ಅವ್ರು. ಚಿಕ್ಕೋರಿದ್ದಾಗ ಹೊಲಕ್ಕೆ ಹೋಗುವಾಗ ಇಂಥ ಪುಸ್ತಕಗಳನ್ನ ಹಂಗೇ ಮಡಚಿ ಜೇಬಲ್ಲಿಟ್ಕೋತಿದ್ರಂತೆ. ಹಂಗೇ ತಗೊಂಡೋಗ್ಲಿ ಅನ್ನಿಸ್ತು.” ಅವಳು ಒಬ್ಬರ ನಂತರ ಒಬ್ಬರನ್ನು ನೋಡಿದಳು. “ತಪ್ಪಾಯ್ತಾ?”

“ಇಲ್ಲ” ಎಂದ ಡೆಲ್ಮರ್.

“ಮೆರಿಟ್ ಮುಖ ನೋಡಿದ್ರೆ ತಪ್ಪಾದ ಹಾಗಿದೆ.”

“ಅವನ ಮುಖ ಹುಟ್ಟಿದಾಗಿಂದ ಹಂಗೇ ಇದೆ.”

ಅರ್ಡಿಸ್ ತುಟಿಯಂಚಿನಲ್ಲಿ ನಕ್ಕ ಹಾಗಿತ್ತು, ನಗಲಿಲ್ಲ. “ಮಡಚೋ ಮೊದ್ಲು ನಾನು ಓದಿದೆ. ಮನೆ ತುಂಬ ಇದ್ದಾವೆ, ಇದೇ ಮೊದಲನೇದು ನಾನು ಓದಿದ್ದು. ಒಬ್ಳು ಗಂಡನ್ನ ಕೊಲ್ತಾಳೆ. ಅವನಿಗೆ ಹಂಗೇ ಆಗ್ಬೇಕಿತ್ತು ಅನ್ನಿ.”

ಡೆಲ್ಮರ್ ಕಾಫಿ ಲೋಟ ಕೆಳಗಿಟ್ಟ. ಮೇಜಿನಡಿಯಲ್ಲಿ ಮೆರಿಟ್ ಅವನ ಕಾಲಿಗೆ ಒದ್ದ. ಕೇಳು ಎಂದೋ ಬೇಡ ಎಂದೋ ತಿಳಿಯಲಿಲ್ಲ.

“ಅದರಲ್ಲಿ ಕೈ ಹೆಂಗಿದ್ವು, ಅರ್ಡಿಸ್?”

“ಕೈಯಾ?”

“ಕೈಗಳು. ಜೇಬಲ್ಲಿದ್ವಾ?”

ಅವಳು ಯೋಚಿಸಿದಳು. “ಇಲ್ಲಪ್ಪ. ಕೊನೇ ಪುಟದಲ್ಲಿ ಅವಳು ಕಿಟಕಿ ಪರದೆ ಸರಿಸಿ ಪೊಲೀಸರು ಬರೋದನ್ನ ನೋಡ್ತಾಳೆ. ಕೈ ದೊಡ್ಡದಾಗಿ ಬರ್ದಿದಾರೆ. ಹಿಂಗೆ.” ಅವಳು ಬಲಗೈ ಎತ್ತಿ ಗಾಳಿಯಲ್ಲಿ ಪರದೆಯ ಅಂಚನ್ನು ಹಿಡಿದಳು. ಸ್ವಲ್ಪ ತಡೆದು, ನೆನಪು ಮಾಡಿಕೊಂಡು, ಕಿರುಬೆರಳನ್ನು ಉಳಿದವುಗಳಿಂದ ದೂರ ಸರಿಸಿದಳು. “ಈ ಬೆರಳು ಹಿಂಗಿತ್ತು. ಹಿಂಗ್ಯಾಕೆ ಬರ್ದಿದಾರೆ ಅಂತ ಅಂದ್ಕೊಂಡೆ.”

ಮೆರಿಟ್ ಅಗಿಯುವುದನ್ನು ನಿಲ್ಲಿಸಿದ. ಡೆಲ್ಮರ್ ಆ ಬೆರಳನ್ನೇ ನೋಡಿದ. ಈಗ ಏನಾದರೂ ಆಗಬೇಕಿತ್ತು. ಇಪ್ಪತ್ತು ವರ್ಷದ ಮೇಲೆ ಗೆದ್ದಿದ್ದ. ಒಳಗೆ ಏನೂ ಅಲುಗಲಿಲ್ಲ.

“ನಿಮ್ಮ ಜಗಳ ಇದೇ ಅಲ್ವಾ?” ಎಂದಳು ಅರ್ಡಿಸ್, ಕೈ ಇಳಿಸದೆ. “ಸೀಲಿಗೆ ಕಳಿಸೋ ಹಿಂದಿನ ಸಂಜೆ ಅವ್ರು ಅದನ್ನ ಅಡುಗೆಮನೆ ಮೇಜಿನ ಮೇಲೆ ಹರವ್ಕೊಂಡು ಕೂತಿದ್ರು. ಕರೆದ್ರೂ ಊಟಕ್ಕೆ ಏಳ್ಲಿಲ್ಲ. ಆಮೇಲೆ ಜೋರಾಗಿ ನಕ್ರು. ‘ಆ ಡೆಲ್ಮರ್ ನನ್ಮಗ ಹೇಳಿದ್ದೇ ಸರಿ’ ಅಂದ್ರು. ಬೆಳಗಾಗ್ತಿದ್ದ ಹಾಗೇ ಅಂಚೆಗೆ ಹಾಕಿ ಬಂದ್ರು. ಇದನ್ನಿನ್ನು ಯಾರೂ ತೆರೀಬಾರ್ದು ಅಂದ್ರು.”

ಅಡುಗೆಮನೆಯ ಕಡೆ ಯಾರೋ ತಟ್ಟೆಗಳನ್ನು ಜೋಡಿಸುತ್ತಿದ್ದರು. ಡೆಲ್ಮರ್ ಬನ್ನನ್ನು ಮುರಿದ, ತಿನ್ನದೆ ಎರಡು ತುಂಡನ್ನೂ ತಟ್ಟೆಯಲ್ಲಿಟ್ಟ.

“ಕೋಪಾಕ್” ಎಂದ.

“ಏನಂದೆ?” ಎಂದ ಮೆರಿಟ್.

“ಕೋಪಾಕ್ ಕಣೋ. ಅದು ಕೋಪಾಕಂದೇ.”

ಮೆರಿಟ್ ಅವನ ಮುಖವನ್ನು ದಿಟ್ಟಿಸಿದ. ಆಮೇಲೆ ಚಮಚ ಕೆಳಗಿಟ್ಟು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ.

“ನಿಂಗೇನು ಕಣ್ಣು ಹೋಗಿದ್ಯಾ? ಆ ಕಿರುಬೆರಳು ನೋಡೋ!”

“ಕಿರುಬೆರಳಿಗೆ ಏನಾಗಿದೆ? ಸ್ಟೆಲ್ಲಾ ಶಾಯಿ ತುಂಬಿರ್ತಾಳೆ. ಕೆಳಗಿರೋ ಪೆನ್ಸಿಲ್ ಕೋಪಾಕಂದು.”

“ಪೆನ್ಸಿಲ್ ಅಂತೆ, ಪೆನ್ಸಿಲ್! ಜನ್ಮದಲ್ಲಿ ಒಂದು ಕೈ ಬರೀದೋನು ಇಷ್ಟು ದೊಡ್ಡ ಕೈ ಬರೆದ್ನಾ?”

“ಮಣಿಕಟ್ಟು ನೋಡು. ಆ ಮಣಿಕಟ್ಟು ಸ್ಟೆಲ್ಲಾದಾ? ಅರ್ಡಿಸ್, ಒಂಚೂರು ಬೆಳಕಿಗೆ ತಿರುಗ್ಸಿ.”

ಅವಳು ತಿರುಗಿಸಿದಳು. ದನಿ ಏರಿದ್ದಕ್ಕೆ ಅಕ್ಕಪಕ್ಕದ ಮೇಜುಗಳವರು ಮಾತು ನಿಲ್ಲಿಸಿ ನೋಡಿದರು. ಕಾಫಿ ಬಡಿಸುತ್ತಿದ್ದವಳು ಕೆಟಲು ಹಿಡಿದು ಹತ್ತಿರ ಬಂದು ತಡೆದು ನಿಂತಳು. ಇಬ್ಬರು ಮುದುಕರೂ ಮೇಜಿನ ಮೇಲೆ ಬಾಗಿ ಜಗಳವಾಡುತ್ತಿದ್ದರು. ಅವರ ನಡುವೆ ಅರ್ಡಿಸ್ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ಅಲುಗಿಸದೆ ಎತ್ತಿ ಹಿಡಿದಿದ್ದಳು. ಗಂಡನ ಮೇಲೆ ಹಾಕಿ ಬಂದ ಮಣ್ಣು ಅದರ ಉಗುರುಗಳ ಸಂದಿಯಲ್ಲಿ ಇನ್ನೂ ಕಪ್ಪಗಿತ್ತು.