ಉಚ್ಚೆಯಲ್ಲಿ ಹೋಗುವ ವಿಷ

“ಏ ಸೂಳಿಮಗಳ, ಬೆಳಿ ಮ್ಯಾಲೆ ಕಕ್ಕತಿ? ತಗೀ, ಕೈಲೇ ತಗೀ!”

ಬಸವಂತ್ರಾಯಗೌಡನ ಕೊಡೆಯ ಮೊನೆ ಒಂಬತ್ತು ವರ್ಷದ ದೇವಕಿಯ ಬೆನ್ನಿಗೆ ಚುಚ್ಚಿತು. ಹುಡುಗಿ ಮಂಡಿಯೂರಿ, ತಾನು ಕಕ್ಕಿದ್ದನ್ನು ಮಣ್ಣಿನೊಡನೆ ಬೊಗಸೆಯಲ್ಲಿ ಎತ್ತಿ ಬದುವಿಗೆ ಚೆಲ್ಲಿದಳು. ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ತಾಯಿ ಹಣಮಂತಮ್ಮ ಹಲ್ಲು ಕಚ್ಚಿ ನೋಡಿದಳು.

ಕಾಲುವೆ ನೀರು ಬಂದ ಮೇಲೆ ದೇವಾಪುರದ ಆ ಹೊಲದಲ್ಲಿ ಬೀಜದ ಹತ್ತಿ. ಸಂಜೆ ಮಕ್ಕಳು ಮೊಗ್ಗು ಸುಲಿದು ಗಂಡುಕೇಸರ ಕೀಳಬೇಕು. ಮರುದಿನ ಮುಂಜಾನೆ ಬೇರೆ ತಳಿಯ ಹೂವನ್ನು ತಂದು ಅದಕ್ಕೆ ಒರೆಸಬೇಕು. ಬಿಸಿಲೇರಿದರೆ ಅಷ್ಟೂ ಮೊಗ್ಗು ವ್ಯರ್ಥ. ದೊಡ್ಡವರ ಬೆರಳಿಗೆ ಮೊಗ್ಗು ಮುರಿಯುತ್ತದೆಂದು ಗೌಡನಿಗೆ ಮಕ್ಕಳೇ ಬೇಕು. ಹುಳುವಿಗೆಂದು ಹೊಡೆದ ಎಣ್ಣೆ ಎಲೆಯ ಮೇಲೆ ಒಣಗುವ ಮೊದಲೇ ಅವರನ್ನು ಸಾಲಿಗೆ ಇಳಿಸುತ್ತಿದ್ದರು.

ಅಂದೇ ಹಣಮಂತಮ್ಮ ಮಗಳನ್ನು ಸುರಪುರಕ್ಕೆ ಹೊತ್ತೊಯ್ದಳು. ಡಾಕ್ಟರು ಹುಡುಗಿಯ ಕಣ್ಣರೆಪ್ಪೆ ಎತ್ತಿ ನೋಡಿದರು. ಪಾಪೆ ಸಾಸಿವೆಯಷ್ಟಾಗಿತ್ತು.

“ಎಣ್ಣಿ ಮೈಯಾಗ ಸೇರ್ಯಾದವ್ವ, ಅದಕ್ಕ ಪಾಪೆ ಹಿಂಗ ಸಣ್ಣಾಗ್ಯಾದ. ಅದೇನೋ ನಾಕು ದಿನದಾಗ ಉಚ್ಚಿ ಕೂಡ ಹೋಗ್ತದ. ಆದ್ರ ಅದು ಕೆಡಿಸಿದ ನರದ ಕಸುವು ತಿರುಗಿ ಬರಾಕ ತಿಂಗಳುಗಟ್ಲೆ ಬೇಕು. ಸಣ್ಣ ಮಕ್ಕಳ ಮೈ ಇನ್ನಾ ಬಲಿತಿರಂಗಿಲ್ಲ. ದಿನಾ ಒಳಗ ಹೋಗಾಕತ್ರ, ಹೊರಗ ಹೋಗಿ ಏನ್ ಬಂತು? ಹೊಲದ ಕಡಿ ಕಳಸಲೇಬ್ಯಾಡ. ನಾಳಿ ಎದ್ದ ಕೂಡ್ಲೆ ಹೊಯ್ಯೋ ಉಚ್ಚಿ ಇದರಾಗ ತಗೊಂಬಾ,” ಎಂದು ಬಾಟ್ಲಿ ಕೊಟ್ಟರು.

ಮರುದಿನ ತುಂಬಿದ ಬಾಟ್ಲಿ ಹಿಡಿದು ಮಗಳೊಡನೆ ಹೊರಟ ಹಣಮಂತಮ್ಮನಿಗೆ ಕಾಲುವೆಯ ದಂಡೆಯ ಮೇಲೆ ಗೌಡ ಅಡ್ಡ ಬಂದ. ಜೊತೆಗೆ ಮೇಸ್ತ್ರಿ ಖಂಡಪ್ಪ.

“ಹೂ ಅರಳ್ಯಾವ, ಎಲ್ಲಿಗೆ ಹೊಂಟೀಯೇ ಹಣಮಿ?”

“ದವಾಖಾನಿಗಿರಿ ಧಣ್ಯಾರ. ಮಗಳ ಉಚ್ಚಿ ನೋಡ್ತಾರಂತ್ರಿ. ವಿಷ ಉಚ್ಚಿ ಕೂಡ ಹೋಗ್ತದಂತ, ಆದ್ರ...”

“ಹೋಗ್ತದಲ್ಲ! ಡಾಕ್ಟರೇ ಹೇಳ್ಯಾನಲ್ಲ!” ಗೌಡ ನಕ್ಕ. “ಲೇ ಖಂಡ್ಯಾ, ಬಾಟ್ಲಿ ಬೆಳಕಿಗೆ ಹಿಡಿ. ನಾ ಮುಟ್ಟಂಗಿಲ್ಲ.”

“ತಿಳಿ ಅದರಿ ಗೌಡ್ರ. ಬೆಲ್ಲದ ಪಾನಕ ಆಗ್ಯಾದ.”

“ಮತ್ತೇನು, ಎಲ್ಲಾ ಹೋಗ್ಯಾದ. ಇವರ ಮಕ್ಕಳ ಮೈ ಅಂದ್ರ ಗಟಾರ, ಬಿದ್ದದ್ದು ನಿಲ್ಲಂಗಿಲ್ಲ. ನನ್ನ ಮೊಮ್ಮಗಂದು ನಾಜೂಕು ಮೈ. ಹೊಲದ ಗಾಳಿಗೂ ಬಿಡಂಗಿಲ್ಲ ನಾ. ಚೆಲ್ಲಲೇ ಅದನ್ನ.”

ಖಂಡಪ್ಪ ಅದನ್ನು ಹುಡುಗಿಯ ಪಾದದ ಮೇಲೆಯೇ ಸುರಿದ. ದೇವಕಿ ಗಾಬರಿಯಿಂದ ತಾಯಿಯ ಸೆರಗು ಹಿಡಿದಳು.

“ಯವ್ವಾ, ಉಚ್ಚಿ ಇನ್ನೊಮ್ಮಿ ಬರವಲ್ದು...”

ಹಣಮಂತಮ್ಮ ಮಗಳನ್ನು ದಂಡೆಯ ಮೇಲೆ ಕೂರಿಸಿ ಹೊಲಕ್ಕಿಳಿದಳು. ತನ್ನ ಜೊತೆ ಕಳೆ ಕೀಳುವ ಮರಿಲಿಂಗಮ್ಮನ ಮಗಳು ಮೊದಲ ಸಾಲಿನಲ್ಲಿದ್ದಳು; ಅವಳ ರಟ್ಟೆ ಹಿಡಿದು ಹೊರಗೆಳೆದಳು.

“ಹುಚ್ಚು ಹಿಡದದೇನ ನಿನಗ? ಗೌಡ ಕೂಲಿ ತಪ್ಪಿಸ್ತಾನ!” ಎಂದು ಮರಿಲಿಂಗಮ್ಮ ಓಡಿ ಬಂದಳು.

“ಮೊದಲು ನಿನ್ನ ಮಗಳ ಕಣ್ಣು ನೋಡಬೇ. ಪಾಪೆ ಸಣ್ಣಾದ್ರ ಮೈಯಾಗ ವಿಷ ಅದ ಅಂತ.”

ಮರಿಲಿಂಗಮ್ಮ ನೋಡಿದಳು. ಸಾಸಿವೆಯಷ್ಟು ಪಾಪೆ. ಅವಳು ತಿರುಗಿ ಕೂಗಿದ ಕೂಗಿಗೆ ಕಳೆ ಕೀಳುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು.

“ಹೂ ಸಾಯ್ತಾವಲೇ ಬೋಸುಡಿಗಳ್ರಾ!” ಗೌಡ ಅರಚಿದ.

“ಸಣ್ಣ ಬೆರಳು ನಿಮ್ಮ ಮನ್ಯಾಗೂ ಅದಾವಲ್ರಿ,” ಎಂದಳು ಹಣಮಂತಮ್ಮ. “ಮೊಮ್ಮಗನ್ನ ಇಳಸ್ರಿ. ವಿಷ ಉಚ್ಚಿ ಕೂಡ ಹೋಗ್ತದ.”

ಗೌಡ ಬೀಸಿದ ಕೊಡೆ ಅವಳ ಹುಬ್ಬು ಸೀಳಿತು. ರಕ್ತ ಒರೆಸಿಕೊಳ್ಳದೆ ಅವಳು ದಂಡೆ ಹತ್ತಿ ಮಗಳನ್ನು ಕಂಕುಳಿಗೆ ಎತ್ತಿಕೊಂಡಳು. ಮಕ್ಕಳು ಒಬ್ಬೊಬ್ಬರಾಗಿ ಸಾಲು ಬಿಟ್ಟು ಮೇಲೆ ಬಂದರು. ಸುರಪುರದ ದಾರಿಯಲ್ಲಿ ಅವಳ ಹಿಂದೆ ನಡೆದರು. ಕೆಲವರು ತೂರಾಡುತ್ತಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ.