ಹತ್ತು ಮಂದಿ ಸೂಚಕರು

“ಕುಂದ್ರಿ ಮೇಡಂ. ಯಾವೂರಿಂದ ಬಂದ್ರಿ?” ಎಂದಳು ದುರುಗವ್ವ.

ಭವ್ಯ ನಕ್ಕಳು. ಮುದುಕಿ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡಳು. ಪಾಪಿನಾಯಕನಹಳ್ಳಿಯಲ್ಲಿ ಅವರಿಬ್ಬರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವ್ವ ಕೂಲಿಗೆ ಹೋದಾಗಲೆಲ್ಲ ಭವ್ಯ ಮಲಗಿದ್ದು ಈಕೆಯ ತೊಡೆಯ ಮೇಲೆ. ಅವಳು ಓದಿ ವಕೀಲೆಯಾಗಿ, ಕರಿ ಕೋಟು ಹಾಕಿಕೊಂಡು ಹೊಸಪೇಟೆಯ ಕೋರ್ಟಿಗೆ ಹೋಗತೊಡಗಿದ ಮೇಲೂ ದುರುಗವ್ವ ‘ಏನಲೇ ಭವ್ಯಾ’ ಎಂದೇ ಕೂಗುತ್ತಿದ್ದಳು. ಮೊನ್ನೆ ನಾಮಪತ್ರಕ್ಕೆ ಸಹಿ ಹಾಕುವಾಗಲೂ, “ಈ ಪೆನ್ನು ಬರೀವಲ್ದು ಲೇ, ಬ್ಯಾರೇದು ಕೊಡು” ಎಂದು ಗದರಿದ್ದಳು.

“ನಗಸಾಟ ಬ್ಯಾಡವ್ವಾ. ನಾಳೆ ಹನ್ನೊಂದಕ್ಕ ನನ್ ಜೋಡಿ ತಾಲ್ಲೂಕಾಫೀಸಿಗೆ ಬರಬೇಕು ನೀನು. ಸಹಿ ನಂದಲ್ಲ ಅಂತ ನಿನ್ ಹೆಸರಿಲೆ ಯಾರೋ ಕಾಗದ ಕೊಟ್ಟಾರ.”

ದುರುಗವ್ವ ನಗಲೂ ಇಲ್ಲ, ಗಾಬರಿಯಾಗಲೂ ಇಲ್ಲ. ಮನೆಗೆ ಬಂದ ಸರ್ಕಾರಿ ಅಧಿಕಾರಿಯ ಮುಂದೆ ನಿಲ್ಲುವ ಹಾಗೆ ಕೈಕಟ್ಟಿಕೊಂಡು ನಿಂತಿದ್ದಳು. “ನನಗೇನೂ ಗೊತ್ತಿಲ್ರಿ ಮೇಡಂ. ಇಲ್ಲಿಗೆ ಯಾರೂ ಬಂದಿಲ್ರಿ.”

“ಯಾರರ ಬಂದಿದ್ರೇನು ಅಂತ ನಾ ಕೇಳೇ ಇಲ್ಲಲ್ಲ.”

“ಯಾರೂ ಬಂದಿಲ್ರಿ.”

ಒಳಗೆ ಒಲೆಯ ಮೇಲೆ ಏನೋ ಸೀದ ವಾಸನೆ ಬರುತ್ತಿತ್ತು. ನಡುಮನೆಯಲ್ಲಿ ಮೊಮ್ಮಗು ಅಳುತ್ತಿತ್ತು, ಇನ್ನೂ ಮೊಲೆ ಬಿಡದ ಕೂಸು. ದುರುಗವ್ವ ಅತ್ತ ತಿರುಗಿಯೂ ನೋಡಲಿಲ್ಲ.

“ನಿನ್ ಸೊಸಿ ಎಲ್ಲಿ?” ಎಂದು ಭವ್ಯ ಕೇಳಿದಳು.

“ಟ್ರಿಪ್ ಹೋಗ್ಯಾಳ್ರಿ. ನಾಳೆ ಬರ್ತಾಳ.”

ಆ ಸೊಸೆ ಹೊಲ ಬಿಟ್ಟರೆ ಹುಲಿಗಿಯ ಗುಡಿ, ಅದು ಬಿಟ್ಟರೆ ತವರುಮನೆ ಕಂಡವಳು.

ಭವ್ಯ ಹೊರಬಂದಳು. ಏಪ್ರಿಲ್ ತಿಂಗಳ ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅದಿರಿನ ಕೆಂಪು ದೂಳು ಬೇವಿನ ಎಲೆಗಳ ಮೇಲೆ ಕೂತು, ಮರವೇ ತುಕ್ಕು ಹಿಡಿದ ಹಾಗೆ ಕಾಣುತ್ತಿತ್ತು. ಎರಡು ವರ್ಷದ ಹಿಂದೆ ಶಾಲೆ ಬಿಡುವ ಹೊತ್ತಿಗೆ ಅದಿರು ಲಾರಿಗಳು ಊರೊಳಗೆ ಬರಬಾರದೆಂದು ಕೋರ್ಟಿನಿಂದ ಆದೇಶ ತಂದಿದ್ದು ಅವಳೇ. ಅಂದು ಜನ ಅವಳನ್ನು ಹೆಗಲ ಮೇಲೆ ಹೊತ್ತು ತಿರುಗಿದ್ದರು. ಅದರ ಬಲದಿಂದಲೇ ಅವಳು ಶಾಸಕಿಯಾಗಬೇಕೆಂದು ಹೊರಟದ್ದು. ಟಿಕೆಟ್ ಕೇಳಲು ಹೋದಾಗ ಪಕ್ಷದ ಹಿರಿಯರು ಟೀ ಕೊಟ್ಟು, “ನಿನಗಿನ್ನೂ ಇಪ್ಪತ್ತೇಳು ತಂಗಿ. ಅದೂ ಜನರಲ್ ಸೀಟು. ಮೊದ್ಲು ಪಂಚಾಯ್ತಿಗೆ ನಿಂದ್ರು,” ಎಂದಿದ್ದರು. ಜನರಲ್ ಸೀಟು ಎಂದರೆ ಭವ್ಯಳ ಕೇರಿಯವರಿಗಲ್ಲ ಎಂದು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಭವ್ಯ ಪಕ್ಷೇತರಳಾಗಿ ನಾಮಪತ್ರ ಸಲ್ಲಿಸಿದಳು. ಪಕ್ಷೇತರರಿಗೆ ಕ್ಷೇತ್ರದ ಹತ್ತು ಮಂದಿ ಮತದಾರರು ಸೂಚಕರಾಗಿ ಸಹಿ ಮಾಡಬೇಕು. ತೀರಾ ಹತ್ತಿರದ ಹತ್ತು ಮಂದಿಯನ್ನೇ ಅವಳು ಆರಿಸಿಕೊಂಡಿದ್ದಳು. ಇವತ್ತು ಬೆಳಿಗ್ಗೆ ನಾಮಪತ್ರ ಪರಿಶೀಲನೆಯಲ್ಲಿ ಎದುರಾಳಿಯ ವಕೀಲರು, ಸಹಿ ತಮ್ಮದಲ್ಲ ಎನ್ನುವ ಆ ಹತ್ತೂ ಮಂದಿಯ ಅಫಿಡವಿಟ್ ಮುಂದಿಟ್ಟರು. ಅವರನ್ನು ಕರೆತಂದು ಉತ್ತರ ಕೊಡಲು ಚುನಾವಣಾಧಿಕಾರಿ ನಾಳೆಯವರೆಗೆ ಸಮಯ ಕೊಟ್ಟಿದ್ದರು.

ಹೆದ್ದಾರಿಯ ಪಕ್ಕದಲ್ಲಿ ಕೊಟ್ರಯ್ಯನ ಮಿರ್ಚಿ ಬಂಡಿ. ಅವನೂ ಒಬ್ಬ ಸೂಚಕ. ಅವಳನ್ನು ಕಂಡು ಜಾಲರಿ ಸೌಟನ್ನು ಎಣ್ಣೆಯ ಮೇಲೆ ಹಾಗೇ ಹಿಡಿದು ನಿಂತ.

“ಪಾರ್ಸಲ್ ಏನ್ರಿ ಮೇಡಂ, ಇಲ್ಲೇ ತಿಂತೀರೇನ್ರಿ?”

“ಕೊಟ್ರಣ್ಣ, ನಾನು.”

“ಬಿಸಿ ಅದಾವ್ರಿ. ತಗೊಳ್ರಿ.”

ಬಂಡಿಯ ಪಕ್ಕದ ಸ್ಟೂಲು ಖಾಲಿಯಿತ್ತು. ಬಂಡಿ ಶುರುವಾದಾಗಿನಿಂದ ಅದರ ಮೇಲೆ ಕೂತು ಈರುಳ್ಳಿ ಸುಲಿಯುತ್ತಿದ್ದ ಕೊಟ್ರಯ್ಯನ ಅಪ್ಪ ಇರಲಿಲ್ಲ. ಅವನ ಟವೆಲ್ಲು ಮಾತ್ರ ಇತ್ತು. ಭವ್ಯ ಅದನ್ನು ನೋಡುತ್ತಿರುವುದು ಕಂಡು ಕೊಟ್ರಯ್ಯ ತಾನಾಗಿಯೇ ಹೇಳಿದ: “ಟ್ರಿಪ್ ಹೋಗ್ಯಾನ್ರಿ. ನಾಳೆ ಬರ್ತಾನ.” ಎಣ್ಣೆಯಲ್ಲಿ ಮಿರ್ಚಿಗಳು ಕಪ್ಪಾಗುತ್ತಿದ್ದವು.

ಅವಳು ಬಸ್ಸು ಹತ್ತಿ ಹೊಸಪೇಟೆಗೆ ಬಂದು, ಬಸವೇಶ್ವರ ಬಡಾವಣೆಯಲ್ಲಿದ್ದ ಗಂಗಾಂಬಿಕಾ ಟೀಚರ್ ಮನೆಗೆ ನಡೆದಳು. ಹೈಸ್ಕೂಲಿನಲ್ಲಿ ಅವಳನ್ನು ಭಾಷಣ ಸ್ಪರ್ಧೆಗೆ ಮೊದಲು ನಿಲ್ಲಿಸಿದವರು ಅವರು. ಬೇರೆ ಯಾರು ಹೆದರಿದರೂ ಟೀಚರ್ ಹೆದರುವವರಲ್ಲ.

ಟೀಚರ್ ಬಾಗಿಲವರೆಗೆ ಬಂದರು. ಕಬ್ಬಿಣದ ಗ್ರಿಲ್ ತೆಗೆಯಲಿಲ್ಲ.

“ಯಾರು ಬೇಕಾಗಿತ್ತು?”

“ಟೀಚರ್, ನಾನ್ರಿ, ಭವ್ಯ.”

“ಯಾವ ಭವ್ಯ? ನನ್ನ ಹತ್ತಿರ ಬಹಳ ಜನ ಓದಿದ್ದಾರೆ.”

ಅವರ ದನಿ ಎಂದಿನಂತೆಯೇ ಸ್ಪಷ್ಟವಾಗಿತ್ತು. ಆದರೆ ಕಣ್ಣು ಭವ್ಯಳ ಮೇಲಿರಲಿಲ್ಲ. ಅವಳ ಭುಜದಾಚೆ ಬೀದಿಯ ಕಡೆಗಿತ್ತು. ಭವ್ಯ ತಿರುಗಿ ನೋಡಿದಳು. ಎದುರು ಮನೆಯ ನೆರಳಿನಲ್ಲಿ ಒಂದು ಬಿಳಿ ಕಾರು ನಿಂತಿತ್ತು. ಇಂಜಿನ್ ಚಾಲೂ ಇತ್ತು, ಕೆಳಗೆ ಎ.ಸಿ.ಯ ನೀರು ತೊಟ್ಟಿಕ್ಕುತ್ತಿತ್ತು. ಗಾಜು ಕಪ್ಪಗಿದ್ದುದರಿಂದ ಒಳಗೆ ಯಾರಿದ್ದಾರೋ ಕಾಣಲಿಲ್ಲ.

“ಸಾರ್ ಎಲ್ರಿ ಟೀಚರ್?”

“ಪ್ರವಾಸಕ್ಕೆ ಹೋಗಿದ್ದಾರೆ. ನಾಳೆ ಬರ್ತಾರೆ.”

ಟೀಚರ್ ಗಂಡ ಸೊಂಟದ ಮೂಳೆ ಮುರಿದುಕೊಂಡ ಮೇಲೆ ವಾಕರ್ ಇಲ್ಲದೆ ಒಂದು ಹೆಜ್ಜೆ ಇಟ್ಟವರಲ್ಲ. ಆ ವಾಕರ್ ಗ್ರಿಲ್ಲಿನ ಒಳಗೆ, ಟೀಚರ್ ಬೆನ್ನ ಹಿಂದೆ ಒಂಟಿಯಾಗಿ ನಿಂತಿತ್ತು.

ಉಳಿದವರ ಮನೆಗಳಿಗೆ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ. ಪ್ರತಿ ಮನೆಯಿಂದಲೂ ಒಬ್ಬರು ‘ಟ್ರಿಪ್’ ಹೋಗಿರುತ್ತಾರೆ ಎಂಬುದು ಈಗ ಗೊತ್ತಾಗಿತ್ತು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಒಂದೇ ಸಮಾಧಾನವೆಂದರೆ, ಹತ್ತನೆಯ ಸೂಚಕ ಅಪ್ಪ; ಅವನ ಹೆಸರಿನ ಅಫಿಡವಿಟ್ ನಕಲಿಯೇ ಇರಬೇಕು.

ಮನೆಯ ಬಾಗಿಲು ತೆರೆದೇ ಇತ್ತು. ಬುದ್ಧನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಬಿಳಿ ಅಂಗಿಯವನೊಬ್ಬ ಕೂತು ಟೀ ಕುಡಿಯುತ್ತಿದ್ದ. ಬೆಳಿಗ್ಗೆ ಚುನಾವಣಾಧಿಕಾರಿಯ ಕೋಣೆಯಲ್ಲಿ ಎದುರಾಳಿಯ ವಕೀಲರ ಹಿಂದೆ ಕೂತಿದ್ದವನು ಎಂದು ಭವ್ಯಳಿಗೆ ತಕ್ಷಣ ಗುರುತು ಸಿಕ್ಕಿತು. ಅವಳು ಒಳಗೆ ಬಂದದ್ದೇ ಅಪ್ಪ ನಾಗೇಂದ್ರಪ್ಪ ಎದ್ದು ನಿಂತ. ಮಗಳು ಬಂದರೆ ಎದ್ದು ನಿಲ್ಲುವ ಅಪ್ಪನನ್ನು ಅವಳು ಎಂದೂ ಕಂಡಿರಲಿಲ್ಲ.

“ನಾಗೇಂದ್ರಪ್ಪ, ಇವ್ರು ಯಾರ್ರಿ?” ಎಂದು ಬಿಳಿ ಅಂಗಿಯವನು ಮೆತ್ತಗೆ ಕೇಳಿದ.

ಅಪ್ಪ ನೆಲ ನೋಡಿದ. “ಗೊತ್ತಿಲ್ರಿ.”

ಅವ್ವ ಸುಂಕಲಮ್ಮ ಅಡುಗೆಮನೆಯಿಂದ ಟೀ ತಂದು ಭವ್ಯಳ ಮುಂದೆ ಹಿಡಿದಳು. ಹೊರಗಿನವರು ಬಂದಾಗ ಮಾತ್ರ ತೆಗೆಯುವ ಹೂವಿನ ಚಿತ್ರದ ಕಪ್ಪು. ಸಾಸರಿನಲ್ಲಿ ಟೀ ಚೆಲ್ಲಿತ್ತು.

“ವಿಜಯ ಎಲ್ಲವ್ವಾ?” ಎಂದಳು ಭವ್ಯ. ತಮ್ಮನ ಡ್ಯೂಟಿ ಮುಗಿದು ಎಷ್ಟೋ ಹೊತ್ತಾಗಿತ್ತು.

ಅವ್ವನ ಬದಲು ಬಿಳಿ ಅಂಗಿಯವನು ಹೇಳಿದ: “ಇವ್ರ ಮಗ ವಿಜಯಕುಮಾರ ಏನ್ರಿ? ಆರಾಮ ಅದಾನ್ರಿ. ಡ್ಯಾಮಿನ ಹತ್ರ ಭಾರಿ ಹೋಟೆಲ್ ಐತಿ. ನೀರಾಗ ಇಳಿದಾಂವ ಎದ್ದೇ ಬರವಲ್ಲ.” ಫೋನು ತೆಗೆದು ಅವಳ ಮುಂದೆ ಹಿಡಿದ.

ವಿಡಿಯೋದಲ್ಲಿ ಈಜುಕೊಳದ ದಂಡೆಯ ಮೇಲೆ ಹತ್ತು ಮಂದಿ ಸಾಲಾಗಿದ್ದರು. ಎಲ್ಲರ ತಲೆಯ ಮೇಲೂ ಒಂದೇ ಥರದ ಹಸಿರು ಟೋಪಿ. ದುರುಗವ್ವನ ಸೊಸೆ, ಕೊಟ್ರಯ್ಯನ ಅಪ್ಪ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಟೀಚರ್ ಗಂಡ, ಕೊನೆಯಲ್ಲಿ ಒದ್ದೆ ಬನಿಯನ್ನಿನಲ್ಲಿ ವಿಜಯ. ಎಲ್ಲರೂ ನಗುತ್ತ ಕೈಬೀಸುತ್ತಿದ್ದರು. ಬೀಸಿರಿ ಎಂದು ಹೇಳಿದವರು ನಿಲ್ಲಿಸಿ ಎಂದು ಹೇಳಲು ಮರೆತ ಹಾಗೆ ಬೀಸುತ್ತಲೇ ಇದ್ದರು.

“ನೀವು ವಕೀಲ್ರು. ನಾ ಹೇಳೋದೇನೈತಿ,” ಎಂದ ಅವನು, ಕಪ್ಪು ಕೆಳಗಿಡುತ್ತ. “ಸಹಿ ಖರೇವು ಅಂತಾದ್ರ, ಸುಳ್ಳು ಅಫಿಡವಿಟ್ ಕೊಟ್ಟಾರಂತ ಈ ಬಡವ್ರ ಮ್ಯಾಲ ಕೇಸು. ಸುಳ್ಳು ಅಂತಾದ್ರ ನಿಮ್ಮ ಮ್ಯಾಲ. ಸುಮ್ನಿದ್ರ ಯಾರ ಮ್ಯಾಲೂ ಇಲ್ಲ. ಟೀ ಭಾಳ ಚೊಲೊ ಮಾಡ್ಯಾರ, ಕುಡೀರಿ.”

ಅವನು ಏಳುವ ಹಾಗೆ ಕಾಣಲಿಲ್ಲ. ಭವ್ಯಳೇ ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದಳು. ಒಂದೇ ರಿಂಗಿಗೆ ಎತ್ತಿದ.

“ಆರಾಮ ಅದೀನ್ರಿ ಮೇಡಂ. ಭಾಳ ಮಸ್ತ್ ಐತ್ರಿ. ಫೋನ್ ಇಡ್ಲೇನ್ರಿ?”

ಪೊಲೀಸರಿಗೆ ಏನೆಂದು ದೂರು ಕೊಡಬೇಕು? ಕಾಣೆಯಾದವರು ಯಾರೂ ಇಲ್ಲ. ಪ್ರವಾಸಕ್ಕೆ ಹೋದವರು ಫೋನು ಎತ್ತುತ್ತಿದ್ದಾರೆ, ನಗುತ್ತಿದ್ದಾರೆ. ಆ ರಾತ್ರಿ ಅವಳು ಸ್ವಂತ ಮನೆಯಲ್ಲಿ ಮಲಗಲಾರದೆ ಹೊಸಪೇಟೆಯ ಗೆಳತಿಯೊಬ್ಬಳ ರೂಮಿಗೆ ಹೋದಳು.

ಮರುದಿನ ಹತ್ತೂ ಮಂದಿ ಸೂಚಕರು ತಾಲ್ಲೂಕಾಫೀಸಿನ ಮುಂದೆ ಒಂದೇ ಟೆಂಪೋದಲ್ಲಿ ಬಂದಿಳಿದರು. ಎಲ್ಲರೂ ಎಣ್ಣೆ ಹಾಕಿ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಬಟ್ಟೆಯಲ್ಲಿದ್ದರು. ಚುನಾವಣಾಧಿಕಾರಿ ಒಬ್ಬೊಬ್ಬರನ್ನೇ ಕರೆದು ಕೇಳಿದರು. ಈ ಸಹಿ ನಿಮ್ಮದೇ? ಅಲ್ರಿ. ಈ ಅಭ್ಯರ್ಥಿ ಗೊತ್ತೇ? ಇಲ್ರಿ. ದುರುಗವ್ವ ಹೇಳಿದಳು, ಕೊಟ್ರಯ್ಯ ಹೇಳಿದ, ಟೀಚರ್ ಹೇಳಿದರು. ಯಾರ ಮಾತಿನಲ್ಲೂ ಸಿಟ್ಟಿರಲಿಲ್ಲ, ನಾಚಿಕೆಯಿರಲಿಲ್ಲ. ಬಿಳಿ ಅಂಗಿಯವನು ಹಿಂದಿನ ಸಾಲಿನಲ್ಲಿ ಕೂತು ಅರ್ಧ ಕಣ್ಣು ಮುಚ್ಚಿದ್ದ. ಕೇಳುತ್ತ ಕೇಳುತ್ತ ಭವ್ಯಳಿಗೆ ಒಂದು ಕ್ಷಣ, ಇವರು ಹೇಳುತ್ತಿರುವುದೇ ನಿಜವಿರಬಹುದು, ತಾನೇ ಯಾವುದೋ ಊರಿನಿಂದ ಬಂದು ಇವರನ್ನೆಲ್ಲ ತನ್ನವರೆಂದು ತಿಳಿದಿರಬಹುದು ಎನ್ನಿಸಿತು.

ಕೊನೆಗೆ ನಾಗೇಂದ್ರಪ್ಪ. ಅಧಿಕಾರಿ ನಾಮಪತ್ರ ನೋಡಿ, ಕನ್ನಡಕ ತೆಗೆದರು. “ಅಭ್ಯರ್ಥಿಯ ತಂದೆಯ ಹೆಸರೂ ನಾಗೇಂದ್ರಪ್ಪ ಅಂತಿದೆಯಲ್ಲ. ನೀವೇ ಏನು?”

“ಆ ಹೆಸರಿನವ್ರು ನಮ್ಮೂರಾಗ ಭಾಳ ಮಂದಿ ಅದಾರ್ರಿ ಸಾಹೇಬ್ರ.”

ಕೋಣೆಯಲ್ಲಿ ಯಾರೋ ಕೆಮ್ಮಿದರು. ಭವ್ಯ ಎದ್ದು ನಿಂತಳು. ಒಂಟಿ ವಾಕರ್ ಕಣ್ಣಿಗೆ ಕಟ್ಟಿತು. ಸುಮ್ಮನೆ ಕೂತುಬಿಡಬೇಕೆನ್ನಿಸಿತು. ಆದರೂ ಬಾಯಿಂದ ಮಾತು ಬಂದುಬಿಟ್ಟಿತು: “ಸಾರ್, ಬೇರೆಯವರದು ಬೇಡ. ಇವರೊಬ್ಬರ ಸಹಿ ಇಲ್ಲೇ ತಗೊಂಡು ಹೋಲಿಸಿ ನೋಡಿ.” ಅಪ್ಪನ ಬಾಯಿ ಸುಳ್ಳು ಹೇಳಬಹುದು, ಕೈ ಹೇಳಲಾರದು ಎಂದು ಅವಳು ನಂಬಿದ್ದಳು. ‘ನಾ’ ಅಕ್ಷರವನ್ನು ಸೊಟ್ಟಗೆ ಎಳೆದು, ಕೊನೆಯ ಒತ್ತಕ್ಷರಕ್ಕೆ ಬಾಲ ಬಿಡುವ ಆ ಸಹಿ ಅವಳ ಎಲ್ಲ ಪ್ರೋಗ್ರೆಸ್ ಕಾರ್ಡುಗಳ ಮೇಲೂ ಇತ್ತು.

ಅಪ್ಪ ಪೆನ್ನು ತೆಗೆದುಕೊಂಡು ಮೇಜಿನ ಮೇಲೆ ಬಾಗಿದ. ಗುಂಡಗೆ, ನೆಟ್ಟಗೆ, ಅಚ್ಚಿನ ಅಕ್ಷರದಂತೆ ಬರೆದ. ಸೊಟ್ಟು ಇರಲಿಲ್ಲ, ಬಾಲ ಇರಲಿಲ್ಲ. ಮತ್ತೊಮ್ಮೆ ಹಾಕಿಸಿದರು. ಮೂರನೇ ಸಲವೂ ಹಾಕಿಸಿದರು. ಮೂರೂ ಒಂದರ ಪಡಿಯಚ್ಚಿನಂತೆ ಮತ್ತೊಂದು. ರಾತ್ರಿಯಿಡೀ ಅಪ್ಪ ಇದನ್ನೇ ಬರೆದಿರಬೇಕು ಎಂದು ಭವ್ಯಳಿಗೆ ಹೊಳೆಯಿತು.

ನಾಮಪತ್ರ ತಿರಸ್ಕೃತವಾಯಿತು.

ಸಂಜೆಯ ಹೊತ್ತಿಗೆ ಪ್ರವಾಸಕ್ಕೆ ಹೋದವರೆಲ್ಲ ಮರಳಿದರು. ವಿಜಯ ಹಸಿರು ಟೋಪಿ ಹಾಕಿಕೊಂಡೇ ಮನೆಗೆ ಬಂದು, “ಅಕ್ಕಾ, ಊಟ ಏನಿತ್ತು ಗೊತ್ತೇನ್,” ಎಂದು ಫೋಟೋ ತೋರಿಸತೊಡಗಿದ. ಹೆದರಿಸಿದರೇನೋ ಎಂದು ಕೇಳಿದರೆ, “ಯಾರು? ಭಾಳ ಚೊಲೊ ನೋಡ್ಕೊಂಡ್ರು,” ಎಂದ. ಗೋಡೆಯಾಚೆಯಿಂದ ದುರುಗವ್ವ, “ಏನಲೇ ಭವ್ಯಾ, ಬದನೆಕಾಯಿ ಪಲ್ಯ ಮಾಡೀನಿ, ತಗೊಂಡ್ಹೋಗು,” ಎಂದು ಕೂಗಿದಳು. ಅವ್ವ ಎಂದಿನ ಸ್ಟೀಲ್ ತಾಟಿನಲ್ಲಿ ಊಟಕ್ಕೆ ಬಡಿಸಿದಳು. ನಡೆದದ್ದರ ಮಾತನ್ನು ಯಾರೂ ಎತ್ತಲಿಲ್ಲ. ಭವ್ಯಳಿಗೂ ಎತ್ತಲಾಗಲಿಲ್ಲ. ಎತ್ತಿದರೆ ಇವರೆಲ್ಲ ಮತ್ತೆ ಕೈಕಟ್ಟಿಕೊಂಡು ಎದ್ದು ನಿಲ್ಲುತ್ತಾರೇನೋ ಎಂಬ ಭಯವಾಗಿ ಅವಳು ತಲೆ ತಗ್ಗಿಸಿ ಉಂಡಳು.

ಬೆಳಿಗ್ಗೆ ಎದ್ದು ಹೊರಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ತೊಡೆಯ ಮೇಲೆ ಹಳೆಯ ದಿನಪತ್ರಿಕೆ. ಅದರ ಅಂಚಿನ ಬಿಳಿ ಜಾಗದ ತುಂಬ ತನ್ನ ಹೆಸರು ಬರೆಯುತ್ತಿದ್ದ. ಬರೆದು ದಿಟ್ಟಿಸುತ್ತಿದ್ದ, ಹೊಡೆದು ಹಾಕಿ ಮತ್ತೆ ಬರೆಯುತ್ತಿದ್ದ. ಎಲ್ಲವೂ ಗುಂಡಗೆ, ನೆಟ್ಟಗೆ ಇದ್ದವು.

“ಬ್ಯಾಂಕಿಗೆ ಹೋಗೋದೈತವ್ವಾ,” ಎಂದ ಅವಳ ಮುಖ ನೋಡದೆ. “ಮೊದ್ಲಿಂದು ಬರವಲ್ದು.”

ಭವ್ಯ ಅವನ ಪಕ್ಕ ಕೂತಳು. ಅಪ್ಪ ಪತ್ರಿಕೆಯನ್ನು ಅವಳ ತೊಡೆಯ ಮೇಲಿಟ್ಟು, ಪೆನ್ನನ್ನು ಅವಳ ಬೆರಳುಗಳ ನಡುವೆ ತುರುಕಿದ.

“ಹೆಂಗಿತ್ತು ಅದು? ನಿನಗ ನೆನಪೈತಲ್ಲ. ಒಂದ್ಸಲ ಹಾಕಿ ತೋರ್ಸು.”

ಅವಳು ಪೆನ್ನಿನ ಮೊನೆಯನ್ನು ಕಾಗದಕ್ಕೆ ತಾಗಿಸಿ ಹಿಡಿದಳು. ಮೊದಲ ಲಾರಿ ಊರೊಳಗೆ ನುಗ್ಗಿ, ಕಟ್ಟೆ ಅದುರಿಸಿಕೊಂಡು ಹಾದುಹೋಯಿತು. ಮೊನೆಯ ಸುತ್ತ ಮಸಿ ಮೆಲ್ಲಗೆ ಹರಡುತ್ತಿತ್ತು.