ಮೀನಿಲ್ಲದ ತೊಟ್ಟಿ

“ತಂಗೀ, ಇದರ ಪ್ಲಗ್ ತೆಗೀತೆ. ಇಲ್ಲದಿದ್ರೆ ಪೆಟ್ಟಿಗೆಗೆ ಕರೆಂಟ್ ಎಲ್ಲಿಂದ ಕೊಡೂದು?” ಎನ್ನುತ್ತಲೇ ಮಹಾಬಲ ಗೋಡೆಯ ಪ್ಲಗ್ ಕಿತ್ತ. ಕಿಟಕಿಯ ಪಕ್ಕದ ಗಾಜಿನ ತೊಟ್ಟಿಯಲ್ಲಿ ಗುಳುಗುಳು ಎನ್ನುತ್ತಿದ್ದ ಗುಳ್ಳೆಗಳು ಒಮ್ಮೆ ಮೇಲೆದ್ದು ನಿಂತುಹೋದವು. ಅದೇ ಸಾಕೆಟ್ಟಿಗೆ ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯ ವಯರು ಸೇರಿತು. ಪೆಟ್ಟಿಗೆಯೊಳಗೆ ದೇವರಾಜ ಮಲಗಿದ್ದ.

“ಜನ್ಮ ಇಡೀ ಐಸ್ ಒಡೆದ. ಕಡೆಗೂ ಐಸು ಬಿಡ್ಲಿಲ್ಲ ನೋಡು ಇಂವನ್ನ” ಎಂದ ಮಹಾಬಲ, ನಗಬೇಕೋ ಅಳಬೇಕೋ ತಿಳಿಯದೆ ಮೂಗು ಒರೆಸಿಕೊಂಡ. ಇಬ್ಬರೂ ಹೊನ್ನಾವರದ ಪಕ್ಕದ ಕಾಸರಕೋಡಿನ ಐಸ್ ಫ್ಯಾಕ್ಟರಿಯಲ್ಲಿ ಒಂದೇ ಪಾಳಿಯವರು.

ಗುಳ್ಳೆ ನಿಂತಾಗ ಜಯಂತಿಗೆ ಒಳಗೊಳಗೇ ಸಮಾಧಾನವಾಯಿತು. ಗಂಡನ ಹೆಣದ ಎದುರು ಇದೆಂಥ ಸಮಾಧಾನ ಎಂದು ಮರುಗಳಿಗೆಯೇ ಹೆದರಿ, ಯಾರಾದರೂ ತನ್ನ ಮುಖ ನೋಡಿದರೋ ಎಂದು ಸುತ್ತ ಕಣ್ಣಾಡಿಸಿದಳು. ನೋಡಿದ್ದು ಅತ್ತಿಗೆ ಕಮಲಿ ಮಾತ್ರ. ದೇವರಾಜನ ಅಕ್ಕ.

“ಕುಮಟೆ ಬಸ್ಸಿಗೆ ನಿಂತಿದ್ದಾಗ ಕುಸಿದು ಬಿದ್ನಂತೆ, ಹೌದಾ?” ಕಮಲಿ ಹತ್ತಿರ ಸರಿದು ಕೇಳಿದಳು. “ಭಾನುವಾರ ಬೆಳಿಗ್ಗೆ ಕುಮಟೆಗೆ ಎಂತಕ್ಕೆ?”

“ನೀರು ಪರೀಕ್ಷೆ ಮಾಡ್ಸೂಕೆ.”

“ಎಂತ ನೀರು? ಸಕ್ಕರೆ ಕಾಯ್ಲೆ ಇತ್ತಾ ಅಂವಗೆ?”

“ಅದಲ್ಲ ಅತ್ತಿಗೆ. ತೊಟ್ಟಿ ನೀರು.”

ಕಮಲಿ ಗೂಟಕ್ಕೆ ತೂಗುಹಾಕಿದ ಅಂಗಿಯ ಕಡೆ ನೋಡಿದಳು. ಬೆಳಿಗ್ಗೆ ಅವನ ಮೈಮೇಲಿಂದ ತೆಗೆದದ್ದು. “ಸಮುದ್ರದ ನೀರು ಪರೀಕ್ಷೆ ಮಾಡ್ಸೂಕೆ ಇಸ್ತ್ರಿ ಅಂಗಿ ಬೇಕಾ?”

ಆ ಪ್ರಶ್ನೆಯನ್ನು ಜಯಂತಿ ಕೆಲವು ತಿಂಗಳಿಂದ ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಹೊನ್ನಾವರದ ಮೀನು ಪೇಟೆಯಲ್ಲಿ ಕೂತು ವ್ಯಾಪಾರ ಮಾಡುವ ಹೆಂಗಸು. ಕಿವಿರು ಎತ್ತಿ ನೋಡದೆ, ಹೊಟ್ಟೆ ಒತ್ತಿ ನೋಡದೆ ಒಂದು ಬಂಗಡೆಯನ್ನೂ ಬುಟ್ಟಿಗೆ ಹಾಕಿಕೊಂಡವಳಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿನವರು ಹೆಣದ ಜೊತೆ ಕೊಟ್ಟ ಮೊಬೈಲನ್ನು ಅವಳು ಅಳು ನಿಲ್ಲುವ ಮೊದಲೇ ಒತ್ತಿ ನೋಡಿದ್ದಳು. ಕೊನೆಯ ಕರೆ ‘ಕುಮಟಾ ನೀರು’ ಎಂಬ ಹೆಸರಿಗೆ. ಅದಕ್ಕೇ ಮತ್ತೆ ಹಚ್ಚಿದಾಗ ಎಳೆಯ ಹೆಂಗಸಿನ ದನಿ: “ಹೇಳಿ ದೇವರಾಜಣ್ಣ, ಬಸ್ ಸಿಕ್ತಾ?”

ಅಣ್ಣ ಎನ್ನುವವರನ್ನೂ ಜಯಂತಿ ಪೇಟೆಯಲ್ಲಿ ಬೇಕಾದಷ್ಟು ನೋಡಿದ್ದಳು. “ಅವರು ಹೋಗ್ಬಿಟ್ರು. ನೀವು ಯಾರು?” ಎಂದಿದ್ದಳು. ಆ ಕಡೆ ಫೋನು ಕಟ್ಟಾಗಿತ್ತು.

“ನಾ ಒಂದು ಮಾತು ಹೇಳ್ತೆ, ಸಿಟ್ಟು ಮಾಡ್ಬೇಡ” ಎಂದಳು ಕಮಲಿ, ತೊಟ್ಟಿಯ ಕಡೆ ಗದ್ದ ತೋರಿಸಿ. “ಮೀನಿಲ್ಲ, ಮರಿಯಿಲ್ಲ. ಬರೀ ನೀರು, ಕಲ್ಲು, ಮೇಲೊಂದು ದೀಪ. ಇದು ಯಾರೋ ಮಾಟ ಮಾಡ್ಸಿ ಕೊಟ್ಟಿದ್ದು. ಇಟ್ಕಂಡವನ ಗತಿ ಎಂತಾತು, ಕಂಡ್ಯಲ್ಲ.”

*

ತೊಟ್ಟಿ ಬಂದದ್ದು ಬೇಸಿಗೆಯಲ್ಲಿ. ಮೊದಲು ಮೀನೂ ಇತ್ತು. ಇಳಿತದ ಹೊತ್ತಿಗೆ ಬಂಡೆಯ ಗುಂಡಿಯಲ್ಲಿ ಸಿಕ್ಕ, ಬೆರಳುದ್ದದ ಪಟ್ಟೆ ಮೀನುಗಳು. ದೇವರಾಜ ಅವನ್ನು ಕೊಡಪಾನದಲ್ಲಿ ಹೊತ್ತು ತಂದು, ಅದೇ ದಿನ ತುಂಬಿದ ಕಡಲ ನೀರಿಗೆ ಬಿಟ್ಟು, ಜಯಂತಿಯನ್ನು ಕೂಗಿ ಕರೆದಿದ್ದ. “ಇಲ್ಲಿ ನೋಡೇ, ತಿರುಗ್ತದೆ!”

ಮರುದಿನ ಪೇಟೆಗೆ ಹೊರಟವಳು ನೋಡಿದಾಗ ಅವು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವನು ಚಹದ ಜರಡಿಯಲ್ಲಿ ಒಂದೊಂದನ್ನೇ ಎತ್ತುತ್ತಿದ್ದ.

“ಕಣ್ಣು ಬೆಳ್ಳಗಾಗಿದೆ. ರಾತ್ರಿನೇ ಸತ್ತಿದ್ದು” ಎಂದು ಅವಳು ನಕ್ಕಿದ್ದಳು. “ಸತ್ತ ಮೀನಿನ ವ್ಯಾಪಾರ ನಂದು. ಕೊಡಿ ಇಲ್ಲಿ, ಬುಟ್ಟಿ ಮೇಲೆ ಇಟ್ಕಂಡು ಹೋಗ್ತೆ.”

ಪೇಟೆಯಲ್ಲೂ ಅದನ್ನು ಹೇಳಿ ನಗಿಸಿದ್ದಳು. ಅವನು ನಕ್ಕಿರಲಿಲ್ಲ.

ಆಮೇಲೆ ತೊಟ್ಟಿ ಖಾಲಿಯೇ. ಎಲ್ಲಿಂದಲೋ ಒಂದು ಪಂಪು ಬಂತು, ದೀಪ ಬಂತು, ಕಡಲ ಬಂಡೆಯ ಒಂದು ದೊಡ್ಡ ಚಕ್ಕೆ ಬಂತು. ಆಗಾಗ ಕ್ಯಾನಿನಲ್ಲಿ ಹೊಸ ನೀರು ತಂದು ಹಳೆಯದನ್ನು ಸ್ವಲ್ಪ ಬದಲಿಸುವನು. ಸಂಜೆ ಕೆಲಸದಿಂದ ಬಂದು ಮೊಣಕಾಲ ಮೇಲೆ ಕೈಯಿಟ್ಟು ಅದರ ಎದುರು ಕೂರುವನು.

“ಎಂತ ಕಾಣ್ತದೆ ಅದ್ರಲ್ಲಿ?”

“ಎಂತದೂ ಇಲ್ಲ. ನೀರು ಹಣ್ಣಾಗ್ಬೇಕು.”

“ನೀರು ಹಣ್ಣಾಗೂದು ಹೇಳಿ ಯಾರು ಹೇಳಿದ್ರು?”

ಅವನು ದೀಪದ ವಯರನ್ನು ಸರಿಮಾಡುತ್ತಾ ಕೂತ. ಮುಂದಿನ ಭಾನುವಾರ ಅಂಗಿಗೆ ಇಸ್ತ್ರಿ ಹಾಕಿ, ಸಣ್ಣ ಬಾಟಲಿಯಲ್ಲಿ ನೀರು ತುಂಬಿಕೊಂಡು ಕುಮಟೆಗೆ ಹೋದ. ಅದರ ಮುಂದಿನ ಭಾನುವಾರವೂ. ಬರುವಾಗ ಮುಖದಲ್ಲೊಂದು ಗೆಲುವು ಇರುತ್ತಿತ್ತು. ಜಯಂತಿ ಅಂಗಿ ಒಗೆಯುವ ಮೊದಲು ಮೂಸಿ ನೋಡುತ್ತಿದ್ದಳು. ಬರೀ ಬೆವರು, ಬಸ್ಸಿನ ಡೀಸೆಲ್ಲು. ಅದರಿಂದ ಅನುಮಾನ ಕಡಿಮೆಯಾಗಲಿಲ್ಲ.

*

ಮಗ ವಿಶಾಲ ಕಾರವಾರದ ಆಚೆ ಬೋಟಿನಲ್ಲಿದ್ದವನು, ವೈರ್‌ಲೆಸ್‌ನಲ್ಲಿ ಸುದ್ದಿ ಹೋಗಿ, ಮಧ್ಯಾಹ್ನದ ಮೇಲೆ ಬಂದು ಮುಟ್ಟಿದ. ಹೆಣವನ್ನು ಅಂಗಳಕ್ಕೆ ತಂದು ಸ್ನಾನ ಮಾಡಿಸುತ್ತಿರುವಾಗ ಬೇಲಿಯ ಹತ್ತಿರ ಒಂದು ಸ್ಕೂಟಿ ನಿಂತಿತು. ಚೂಡಿದಾರದ ಹುಡುಗಿ. ಮಗನಿಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಅಂಗಳದೊಳಗೆ ಬರುವುದೋ ಬೇಡವೋ ಎಂದು ನಿಂತಳು.

“ಹೋ, ಇದು ಬದುಕಿದ ಮೀನಿಗೆ ಐಸ್ ಕೇಳಿದ ಹುಡ್ಗಿ ಅಲ್ದಾ!” ಎಂದ ಮಹಾಬಲ, ತಾನೆಲ್ಲಿದ್ದೇನೆ ಎಂಬುದನ್ನು ಮರೆತು. ಆಮೇಲೆ ದನಿ ಇಳಿಸಿ ಪಕ್ಕದವರಿಗೆ ಹೇಳಿದ: “ಬೇಸಿಗೇಲಿ ಕರೆಂಟ್ ಹೋಗಿ ತನ್ನ ಮನೆ ಮೀನು ತೊಟ್ಟಿ ನೀರು ಬಿಸಿ ಆತದೆ ಹೇಳಿ ಫ್ಯಾಕ್ಟ್ರಿಗೆ ಬಂದಿತ್ತು. ಮೀನು ಬದುಕೂಕೆ ಐಸು! ನಾವೆಲ್ಲ ಬಿದ್ದು ಬಿದ್ದು ನಗಾಡಿದ್ವಿ. ದೇವರಾಜ ಒಬ್ಬ ನಗಲಿಲ್ಲ. ಅಲ್ಲಿಂದಲೇ ಶುರು ಅಂವನ ಮರುಳು.”

ಫ್ಯಾಕ್ಟರಿಗೆಲ್ಲ ಗೊತ್ತಿತ್ತು. ಮಹಾಬಲನಿಗೆ ಗೊತ್ತಿತ್ತು. ಮನೆಯಲ್ಲಿದ್ದವಳಿಗೆ ಮಾತ್ರ ಗೊತ್ತಿರಲಿಲ್ಲ. ಜಯಂತಿಯ ಎದೆಯಲ್ಲಿದ್ದದ್ದು ಇಳಿಯುವ ಬದಲು ಇನ್ನೊಂದು ಪಕ್ಕಕ್ಕೆ ಹೊರಳಿ ಕೂತಿತು. ತಪ್ಪಿಲ್ಲದ ಮಾತಾದರೆ ಮುಚ್ಚಿಟ್ಟದ್ದು ಏಕೆ?

ಗಂಡಸರು ಚಟ್ಟ ಎತ್ತಿಕೊಂಡು ಕಡಲ ಕಡೆ ನಡೆದರು. ಅಳು ಬೇಲಿಯವರೆಗೆ ಹೋಗಿ ಹಿಂದಿರುಗಿತು.

ಕಮಲಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕೊಡಪಾನ ಬೋರಲಾಯಿತು, ಬಚ್ಚಲ ಹಂಡೆ ಖಾಲಿಯಾಯಿತು, ಫಿಲ್ಟರಿನ ನೀರು ತೆಂಗಿನ ಬುಡಕ್ಕೆ ಹೋಯಿತು. “ಹೆಣ ಎದ್ದ ಮನೇಲಿ ಒಂದು ಲೋಟ ಹಳೇ ನೀರು ಉಳೀಬಾರ್ದು. ಅವರು ಬರೂದ್ರೊಳಗೆ ಎಲ್ಲಾ ಚೆಲ್ಲಿ ಆಗ್ಬೇಕು” ಎನ್ನುತ್ತಾ ಬಕೆಟ್ಟು, ಚೊಂಬು ಹಿಡಿದು ಗಾಜಿನ ತೊಟ್ಟಿಯ ಎದುರು ನಿಂತಳು.

“ಅದು ಕುಡಿಯೋ ನೀರಲ್ಲ ಅಮ್ಮ, ಸಮುದ್ರದ್ದು” ಎಂದಳು ಬಾಗಿಲಲ್ಲಿ ನಿಂತ ಹುಡುಗಿ.

“ಸಮುದ್ರಕ್ಕೆ ಸೂತಕ ಇಲ್ಲ, ಆ ಮಾತು ಸಮ. ಆದ್ರೆ ಹೊಸ್ತಿಲು ದಾಟಿ ಒಳಗೆ ಬಂದ್ಮೇಲೆ ಅದು ಮನೆ ನೀರೇ. ಸೊಸೆ ಇದ್ದ ಹಂಗೆ.” ಕಮಲಿ ತಿರುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. “ನೀ ಯಾರ ಪೈಕಿ?”

“ಸ್ಮೃತಿ ಅಂತ. ಕುಮಟೆಯವಳು. ಹೊನ್ನಾವರದಲ್ಲಿ ರಕ್ತ ಪರೀಕ್ಷೆ ಲ್ಯಾಬಲ್ಲಿ ಕೆಲಸ. ನಮ್ಮನೇಲೂ ಇಂಥ ತೊಟ್ಟಿ ಇದೆ. ದೇವರಾಜಣ್ಣ ನೀರು ತರ್ತಿದ್ರು, ಮೀನು ಬದುಕೋವಷ್ಟು ಹಣ್ಣಾಗಿದೆಯೋ ಇಲ್ವೋ ಅಂತ ನೋಡಿ ಹೇಳ್ತಿದ್ದೆ. ಇವತ್ತು ಬನ್ನಿ, ಮೊದಲ ಮೀನು ಒಯ್ಯಿ ಅಂದಿದ್ದೆ.” ಅವಳ ಕಣ್ಣು ತೊಟ್ಟಿಯ ಮೇಲೆ ನಿಂತಿತು. “ಪಂಪ್ ಯಾರು ಬಂದ್ ಮಾಡಿದ್ರು?”

ಕಮಲಿ ಒಂದು ಚೊಂಬು ನೀರು ಮೊಗೆದು ಬಕೆಟ್ಟಿಗೆ ಸುರಿದಳು. ಇನ್ನೊಂದು. ಇನ್ನೊಂದು.

ಚೆಲ್ಲಿಬಿಡಲಿ ಎನಿಸಿತು ಜಯಂತಿಗೆ. ಒಮ್ಮೆ ಖಾಲಿಯಾದರೆ ಮುಗಿಯಿತು. ಆದರೆ ಖಾಲಿಯಾದ ಮೇಲೆ, ಈ ಮನುಷ್ಯ ಇಷ್ಟು ದಿನ ಯಾವುದರ ಎದುರು ಕೂತಿದ್ದ ಎಂದು ಯಾರನ್ನು ಕೇಳುವುದು?

“ನಂಗೆ ಎಂತಕ್ಕೆ ಹೇಳ್ಲಿಲ್ಲ ಅವರು?” ಎಂದು ಹುಡುಗಿಯನ್ನೇ ಕೇಳಿದಳು. ದನಿ ಪೇಟೆಯಲ್ಲಿ ಚೌಕಾಸಿ ಮಾಡುವಾಗಿನಷ್ಟೇ ಗಡುಸಾಗಿತ್ತು.

ಸ್ಮೃತಿ ತಡೆದು ತಡೆದು ಹೇಳಿದಳು. “ಒಂದ್ಸಲ ಕೇಳಿದ್ದೆ. ‘ನಮ್ಮನೆ ಹೆಂಗ್ಸು ಕಣ್ಣು ನೋಡೇ ಹೇಳ್ತದೆ, ಮೀನು ಸತ್ತು ಎಷ್ಟು ಹೊತ್ತಾತು ಹೇಳಿ. ಅದರ ಎದುರು ಇನ್ನೊಂದ್ಸಲ ಸತ್ತಿದ್ದು ತೋರ್ಸೂಕೆ ನಂಗೆ ಆಗಲ್ಲ’ ಅಂದ್ರು.”

ಮಾತು ಅವನದೇ ಇರುವ ಹಾಗಿತ್ತು. ಅಷ್ಟಕ್ಕೇ ನಂಬುವವಳಲ್ಲ ಜಯಂತಿ. ಯಾರು ಬೇಕಾದರೂ ಯಾರ ಮಾತನ್ನಾದರೂ ಕಲಿತು ಹೇಳಬಹುದು.

“ಬದುಕಿದ್ದು ಎಂತಾರೂ ಅದೆಯಾ ಇದ್ರಲ್ಲಿ?” ಎಂದಳು. “ತೋರ್ಸು.”

“ಬೆಳಿಗ್ಗೆಯಿಂದ ಗಾಳಿಯಿಲ್ಲ. ಇದೆಯೋ ಇಲ್ವೋ ನಂಗೂ ಗೊತ್ತಿಲ್ಲಕ್ಕ.” ಫ್ರೀಜರ್ ಪೆಟ್ಟಿಗೆಯ ವಯರು ಈಗ ನೆಲದ ಮೇಲಿತ್ತು. ಸ್ಮೃತಿ ಬಗ್ಗಿ ತೊಟ್ಟಿಯ ಪ್ಲಗ್ ಸಿಕ್ಕಿಸಿದಳು. ಪಂಪು ಕೆಮ್ಮಿತು, ಗುಳ್ಳೆ ಎದ್ದಿತು, ನೀರು ಕಲಕಿತು. ಬಂಡೆಯ ಚಕ್ಕೆ ಇದ್ದ ಹಾಗೇ ಇತ್ತು.

“ಎಂತದೂ ಇಲ್ಲ” ಎಂದು ಕಮಲಿ ಮತ್ತೆ ಚೊಂಬು ಇಳಿಸಿದಳು. ಜಯಂತಿ ಅವಳ ಮುಂಗೈ ಹಿಡಿದಳು.

“ತಡೀರಿ ಅತ್ತಿಗೆ.”

“ಎಂತಕ್ಕೆ ಮಾರಾಯ್ತಿ? ಗಂಡಸರು ಬರೂ ಹೊತ್ತಾತು.”

“ನಾ ಒಮ್ಮೆ ನೋಡ್ಬೇಕು.”

“ನೋಡು, ನೋಡು. ನೋಡಿ ನೀನೇ ಚೆಲ್ಲು.” ಕಮಲಿ ಚೊಂಬನ್ನು ಅವಳ ಕೈಗೆ ತುರುಕಿ, ಬರುವವರ ಕಾಲಿಗೆ ಹೊಸ ನೀರು ಸೇದಲು ಬಾವಿಯ ಕಡೆ ಹೋದಳು.

ಜಯಂತಿ ಮೂಗು ಗಾಜಿಗೆ ತಾಗುವಷ್ಟು ಬಗ್ಗಿದಳು. ಬಂಡೆಯ ಮೈತುಂಬ ಒರಟು ಬಿಳಿ ಚಿಪ್ಪುಗಳು. ದಡದಲ್ಲಿ ಎಲ್ಲೆಲ್ಲೂ ಇರುವಂಥವು, ಅವಳ ಅಂಗಾಲನ್ನು ಎಷ್ಟೋ ಸಲ ಕೊಯ್ದಂಥವು. ಕಲ್ಲಿನ ಜಡ್ಡು ಎಂದೇ ತಿಳಿದಿದ್ದಳು. ನೋಡುತ್ತಿದ್ದ ಹಾಗೆ ಒಂದರ ನೆತ್ತಿ ಬಾಯಿಬಿಟ್ಟಿತು. ಒಳಗಿಂದ ಗರಿಯಂಥದೊಂದು ಸಣ್ಣ ಕೈ ಹೊರಬಂದು, ನೀರನ್ನು ಬಾಚಿ, ಸರಕ್ಕನೆ ಒಳಗೆ ಹೋಯಿತು. ಮತ್ತೆ ಬಂತು. ಪಕ್ಕದ್ದೂ ತೆರೆಯಿತು. ಅದರ ಪಕ್ಕದ್ದೂ.

ಅಂಗಳದಲ್ಲಿ ಒದ್ದೆ ಪಂಚೆಗಳ ಸದ್ದು, ಮಹಾಬಲನ ಕೆಮ್ಮು. “ಜಯಂತೀ, ವಿಶಾಲ ಒಳಗೆ ಬತ್ತಾ ಇದ್ದ!” ಕಮಲಿ ಬಾವಿಕಟ್ಟೆಯಿಂದ ಕೂಗಿದಳು. “ನೀರೆಲ್ಲಾ ಚೆಲ್ಲಿ ಆತಾ?”

ಜಯಂತಿ ನೆಟ್ಟಗೆ ನಿಂತು, ತೊಟ್ಟಿಗೆ ಬೆನ್ನು ಕೊಟ್ಟು, ಅದು ಮರೆಯಾಗುವ ಹಾಗೆ ಸೆರಗನ್ನು ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದಳು.

“ಆತು” ಎಂದಳು.

ಅವಳ ಬೆನ್ನ ಹಿಂದೆ, ಒಂದಾದ ಮೇಲೊಂದರಂತೆ, ಆ ಸಣ್ಣ ಕೈಗಳು ನೀರನ್ನು ಬಾಚಿಕೊಳ್ಳುತ್ತಲೇ ಇದ್ದವು.